ರೊಟ್ಟಿ ಆರ್ತಾವ: ಒಬ್ಬ ಸೀರಿಯಲ್ ಬರಹಗಾರನ ಪ್ರಕರಣ

ಅವನ ಫೈಲಿನ ಮೇಲೆ ಹೆಸರಿಲ್ಲ. ಆಪ್ತಸಲಹೆಗೆ ಅಂತ ಅವನು ನನ್ನ ಬಳಿ ಬಂದ ಮೊದಲ ದಿನ ನಮ್ಮ ಹೊರಗಿನ ಟೇಬಲ್ಲಿನ ಹುಡುಗಿ ಉದ್ಯೋಗದ ಜಾಗದಲ್ಲಿ ‘ಸೀರಿಯಲ್’ ಅಂತಷ್ಟೇ ಗೀಚಿದ್ದಳು. ಅದೇ ಹೆಸರಾಗಿ ಉಳಿಯಿತು. ಇಲ್ಲಿಯೂ ಅವನನ್ನು ಸೀರಿಯಲ್ ಹುಡುಗ ಅಂತಲೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯೋದಕ್ಕೆ ಅವನ ಒಪ್ಪಿಗೆ ಇದೆ.

ಮೇ ತಿಂಗಳು. ಮಧ್ಯಾಹ್ನ ಮೂರು ಗಂಟೆಯ ಕಲಬುರಗಿ ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಅಂಗಡಿಯವರು ಅರ್ಧ ಶಟರ್ ಎಳೆದು ಒಳಗೆ ಮಲಗಿರುತ್ತಾರೆ. ಅವನು ಫೋನಿನಲ್ಲಿ ಕೇಳಿದ್ದು ಅದೇ ಹೊತ್ತು. ಸಂಜೆ ಖಾಲಿ ಇದೆ, ಬಿಸಿಲು ಇಳಿದ ಮೇಲೆ ಬನ್ನಿ ಅಂದರೂ ಒಪ್ಪಲಿಲ್ಲ. ಕಾರಣ ಆಮೇಲೆ ಹೇಳಿದ. “ಆ ಟೈಮಿಗಿ ರಸ್ತಾದಾಗ ಗುರ್ತಿನೋರು ಸಿಗಂಗಿಲ್ರೀ. ‘ಯಾವಾಗ ಬಂದಿ, ಯಾವಾಗ ಹೊಂಟಿ, ಈಗ ಯಾವ ಸೀರಿಯಲ್’ ಅಂತ ಕೇಳೋರು ಇರಂಗಿಲ್ಲ.”

ವಯಸ್ಸು 29. ಕಾಲೇಜಿನಲ್ಲಿ ನಾಟಕ ಬರೆದು ಆಡಿಸಿದವನು. ಆರು ವರ್ಷದ ಹಿಂದೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದ. ಮೊದಲು ಸಹಾಯಕ ನಿರ್ದೇಶಕರ ಗುಂಪಿನಲ್ಲಿ ಸೇರಿ, ಕಲಾವಿದರ ಎದುರು ನಿಂತು ಮಾತು ಪ್ರಾಂಪ್ಟ್ ಮಾಡಿದ. ಆಮೇಲೆ ಒಬ್ಬ ಹಿರಿಯ ಸಂಭಾಷಣೆಕಾರರ ಕೈಕೆಳಗೆ ಹೆಸರಿಲ್ಲದೆ ಬರೆದ. ಕೊನೆಗೆ ಒಂದು ಧಾರಾವಾಹಿಗೆ ಸ್ವಂತ ಹೆಸರಿನಲ್ಲಿ ಸಂಭಾಷಣೆ ಸಿಕ್ಕಿತು. ಒಂದೂವರೆ ವರ್ಷ ನಡೆಯಿತು. ಪ್ರಸಾರದ ಹೊತ್ತು ಬದಲಾಯಿತು, ಟಿಆರ್‌ಪಿ ಬಿತ್ತು, ಧಾರಾವಾಹಿ ನಿಂತಿತು. ನಿಲ್ಲುವ ಸುದ್ದಿ ಅವನಿಗೆ ತಿಳಿದದ್ದು ಹದಿನೈದು ದಿನ ಮೊದಲು. ಮೂರು ತಿಂಗಳ ದುಡ್ಡು ಬರಬೇಕಿತ್ತು. ರೂಮ್ ಖಾಲಿ ಮಾಡಿ ಊರಿಗೆ ಬಂದ. ಬಂದು ಎರಡು ತಿಂಗಳಾಗಿತ್ತು.

“ಮೇಡಂ, ನನಗ ಮೋಟಿವೇಷನ್ ಬೇಕ್ರೀ,” ಅಂದ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುವ ಹಾಗೆ.

ನನಗೆ ಸೀರಿಯಲ್ ನೋಡುವ ಅಭ್ಯಾಸ ಇಲ್ಲ. ಹಾಗಾಗಿ ಮೊದಲ ದಿನ ಅವನ ಕೆಲಸ ಏನು ಅಂತಲೇ ಕೇಳಿದೆ. ಕೆಲಸದ ಮಾತು ಬಂದ ಕೂಡಲೇ ಕುರ್ಚಿಯಲ್ಲಿ ಜಾರಿ ಕೂತವನ ಬೆನ್ನು ನೆಟ್ಟಗಾಯಿತು. ಅದನ್ನು ಗುರುತು ಹಾಕಿಕೊಂಡೆ.

ಕಥೆ ಒಬ್ಬರದ್ದು. ಚಿತ್ರಕಥೆ ಇನ್ನೊಬ್ಬರದ್ದು. ಅವರಿಂದ ‘ಒನ್‌ಲೈನ್’ ಬರುತ್ತೆ: ಸೀನ್ ನಂಬರ್, ಜಾಗ, ಯಾರ್ಯಾರು ಇರ್ತಾರೆ, ಏನಾಗಬೇಕು. ಚಾನೆಲ್‌ನ ಫಿಕ್ಷನ್ ಟೀಮ್ ಅದನ್ನು ಒಪ್ಪಿದ ಮೇಲೆ ಸಂಭಾಷಣೆಕಾರನ ಕೈಗೆ. ಅವನು ಬರೆದ ಸೀನ್ ಪೇಪರ್ ಮತ್ತೆ ಚಾನೆಲ್‌ಗೆ ಹೋಗಿ, ಕರೆಕ್ಷನ್ ಆಗಿ, ಶೂಟಿಂಗ್ ಫ್ಲೋರಿಗೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಹೆಚ್ಚೂಕಡಿಮೆ 22 ನಿಮಿಷ. ವಾರಕ್ಕೆ 6 ಕಂತು. ಒಟ್ಟು 132 ನಿಮಿಷ. “ವಾರಕ್ಕ ಒಂದು ಸಿನಿಮಾದಷ್ಟು ಮಾತು ರೀ. ಸಿನಿಮಾದೋರು ಒಂದ ಬರೀಲಕ್ಕ ವರ್ಷ ತಗೋತಾರ.” ನಟಿಗೆ ಜ್ವರ ಬಂದರೆ ರಾತ್ರಿ ಹನ್ನೊಂದಕ್ಕೆ ಫೋನು. ಬೆಳಿಗ್ಗೆ ಏಳಕ್ಕೆ ಅವಳಿಲ್ಲದ ಸೀನ್ ಬೇಕು. ಅವಳು ದೇವಸ್ಥಾನಕ್ಕೆ ಹೋಗಿದ್ದಾಳೆ ಅಂತ ಅತ್ತೆಯ ಬಾಯಲ್ಲಿ ಒಂದು ಮಾತು ತುರುಕಬೇಕು. “ನಮ್ಮ ಹೀರೋಯಿನ್ ಒಂದೂವರೆ ವರ್ಷದಾಗ ಹನ್ನೊಂದು ಸಲ ದೇವಸ್ಥಾನಕ್ಕ ಹೋಗ್ಯಾಳ್ರೀ. ಅಷ್ಟು ಭಕ್ತಿ ಯಾರಿಗೂ ಇರಂಗಿಲ್ಲ.”

ನಾನು ನಕ್ಕೆ. ಅವನು ನಗಲಿಲ್ಲ. ನಗಿಸುವ ಮಾತನ್ನು ನಗದೇ ಹೇಳಿ ಅಭ್ಯಾಸ ಅನ್ನಿಸಿತು. ಅದು ಅಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಇಂಥವರು ಬಂದಾಗ ಮೊದಲು ನೋಡಬೇಕಾದ್ದು ಖಿನ್ನತೆ. ನಿದ್ದೆ, ಊಟ, ತೂಕ, ಸಾಯುವ ಯೋಚನೆ ಎಲ್ಲ ಕೇಳಿದೆ. ಕೊನೆಯದನ್ನು ಸುತ್ತಿ ಬಳಸಿ ಕೇಳಬಾರದು, ನೇರ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತೆ ಅನ್ನೋದು ಸುಳ್ಳು. “ಸಾಯ್ಬೇಕಂತ ಇಲ್ರೀ. ಆದ್ರ ಮುಂಜಾನಿ ಯಾರೂ ಎಬ್ಬಿಸಬ್ಯಾಡ್ರಿ ಅನಸ್ತದ,” ಅಂದ. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಮನೋವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್ ಪರೀಕ್ಷೆಯೂ ಆಯಿತು. ಸದ್ಯಕ್ಕೆ ಔಷಧ ಬೇಡ, ಆಪ್ತಸಲಹೆ ಮುಂದುವರಿಸಿ, ತಿಂಗಳು ಬಿಟ್ಟು ತೋರಿಸಿ ಅಂತ ಬರೆದು ಕೊಟ್ಟರು. ರಾತ್ರಿ ಹೊತ್ತು ಮನಸ್ಸು ಜಾಸ್ತಿ ಕೆಟ್ಟರೆ ಇರಲಿ ಅಂತ ಟೆಲಿ ಮಾನಸ್‌ನ 14416 ನಂಬರನ್ನು ಅವನ ಫೋನಿನಲ್ಲಿ ನಾನೇ ಸೇವ್ ಮಾಡಿಸಿದೆ. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅವನಿಗಿದ್ದದ್ದು ಬರ್ನ್‌ಔಟ್ ಅನ್ನುವ ಸ್ಥಿತಿಗೆ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಅನ್ನೋ ರೋಗಗಳ ಪಟ್ಟಿಯಲ್ಲಿ ಅದನ್ನು ರೋಗ ಅಂತ ಕರೆದಿಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ ಕರೆದಿದೆ. ದಣಿವು ಒಂದು. ಕೆಲಸದ ಮೇಲೆ ಕಹಿ ಇನ್ನೊಂದು. ‘ನನ್ನಿಂದ ಆಗಲ್ಲ’ ಅನ್ನೋದು ಮೂರನೆಯದು. ಮೂರೂ ಇದ್ದವು. ಮೂರರಲ್ಲಿ ಕಹಿಯೇ ಜಾಸ್ತಿ. ಅದು ಎಲ್ಲಿಂದ ಬಂತು ಅಂತ ಎರಡನೇ ಭೇಟಿಯಲ್ಲಿ ಕೇಳಿದೆ.

“ಒಂದು ಸಾಲು ಹೇಳ್ಲೇನ್ರೀ?” ಅಂದ.

ಆ ಧಾರಾವಾಹಿಯ ಮನೆ ಶುರುವಿನಲ್ಲಿ ಉತ್ತರ ಕರ್ನಾಟಕದ್ದು. ಆ ಕಡೆಯ ಮಾತು ಬೇಕು ಅಂತಲೇ ಇವನನ್ನು ತೆಗೆದುಕೊಂಡಿದ್ದರು. ಒಂದು ಸೀನಿನಲ್ಲಿ ಮಗ ಜಗಳ ಮಾಡಿ ಮನೆ ಬಿಟ್ಟು ಹೊರಡುತ್ತಾನೆ. ತಾಯಿ ಒಲೆ ಮುಂದೆ ಕೂತಿದ್ದಾಳೆ. ಇವನು ಅವಳ ಬಾಯಲ್ಲಿ ಬರೆದದ್ದು: “ಉಂಡು ಸಿಟ್ಟು ಮಾಡು. ಸಿಟ್ಟೇನ್ ಆರಂಗಿಲ್ಲ, ರೊಟ್ಟಿ ಆರ್ತಾವ.” ಟಿವಿಯಲ್ಲಿ ಬಂದದ್ದು: “ಊಟ ಮಾಡ್ಕೊಂಡು ಹೋಗು ಕಂದಾ. ಕೋಪ ಮನುಷ್ಯನ ಶತ್ರು.”

ಎರಡನ್ನೂ ಒಂದು ಚೀಟಿಯ ಮೇಲೆ ಬರೆಸಿಕೊಂಡೆ. ಈಗಲೂ ಫೈಲಿನಲ್ಲಿದೆ. ಮೊದಲ ಸಾಲಿನಲ್ಲಿ ಒಬ್ಬಳು ಹೆಂಗಸು ಇದ್ದಾಳೆ. ಕೈಯಲ್ಲಿ ಹಿಟ್ಟಿದೆ, ಮಗನ ಮುಖ ಕೂಡ ನೋಡುತ್ತಿಲ್ಲ. ಎರಡನೆಯದರಲ್ಲಿ ಇರೋದು ಶಾಲೆಯ ಗೋಡೆಬರಹ. ಇದನ್ನು ತಿಳಿಯಲು ಸಾಹಿತ್ಯ ಓದಿರಬೇಕಿಲ್ಲ.

ಧಾರಾವಾಹಿ ಶುರುವಾದ ಮೂರನೇ ತಿಂಗಳಿಗೆ ‘ಎಲ್ಲರಿಗೂ ಅರ್ಥ ಆಗ್ಬೇಕು’ ಅಂತ ಚಾನೆಲ್‌ನಿಂದ ಸೂಚನೆ ಬಂತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರು ಮಾತಿಗೆ ಇಳಿದರು. ಕೊನೆಗೆ ನಮ್ಮ ಕಡೆಯ ಮಾತು ಉಳಿದದ್ದು ಒಬ್ಬನ ಬಾಯಲ್ಲಿ ಮಾತ್ರ. ಅಡುಗೆಯವನು. ಅವನು ಬಂದರೆ ನಗಬೇಕು. “ನಮ್ಮವ್ವನ ಮಾತು ಬರ್ದು, ಮಂದಿ ನಗೋ ಹಂಗ ಮಾಡಿ ಕೊಟ್ಟೀನ್ರೀ. ವಾರಕ್ಕ ಆರು ದಿನ.”

ಅವನು ನಗೋದು ಬಿಟ್ಟದ್ದು ಆಗಿನಿಂದ.

ತಪ್ಪೆಲ್ಲ ಚಾನೆಲ್‌ನವರದ್ದೇ ಅಂತ ನಾನು ಹೇಳಲ್ಲ. ಅದೇ ಕಂತನ್ನು ಮಂಡ್ಯದ ಮನೆಯಲ್ಲೂ ನೋಡುತ್ತಾರೆ, ಕಾರವಾರದಲ್ಲೂ ನೋಡುತ್ತಾರೆ. ಅವರ ಲೆಕ್ಕ ಅವರಿಗೆ. ಆದರೆ ನನ್ನ ಎದುರು ಕೂತವನ ಕಷ್ಟ ಏನು ಅಂತ ತಿಳಿಯಲು ಆ ಚೀಟಿ ಸಾಕಾಯಿತು. ಇಷ್ಟು ತಿಳಿದ ಮೇಲೂ ಮುಂದಿನ ಹೆಜ್ಜೆ ತಪ್ಪಿಟ್ಟವಳು ನಾನು.

ಮನಸ್ಸು ಬಂದ ಮೇಲೆ ಕೆಲಸ ಅಂತ ಕಾಯಬೇಡ, ಕೆಲಸ ಶುರು ಮಾಡು, ಮನಸ್ಸು ಹಿಂದೆ ಬರುತ್ತೆ ಅಂತ ನಾವು ಹೇಳ್ತೀವಿ. ಕುಗ್ಗಿದವರಿಗೆ ಸಣ್ಣ ಸಣ್ಣ ಕೆಲಸ ಹಚ್ಚುವುದು ಒಳ್ಳೆಯ ದಾರಿಯೇ. ಇವನಿಗೂ ಹೇಳಿದೆ: ದಿನಾ ಬೆಳಿಗ್ಗೆ ಒಂದು ಪುಟ, ಮನಸ್ಸಿಗೆ ಬಂದದ್ದು ಬರಿ. ವಾರ ಬಿಟ್ಟು ಬಂದ. ಏಳು ಪುಟ, ಟೈಪ್ ಮಾಡಿ, ಪಿನ್ ಹೊಡೆದು ತಂದಿದ್ದ. ಪ್ರತಿ ಪುಟದ ಕೊನೆಗೂ ಒಂದು ತಿರುವು. ಏಳನೇ ಪುಟದಲ್ಲಿ ಅವನಿಗೆ ಬದುಕಿನ ಅರ್ಥ ಸಿಕ್ಕಿತ್ತು! ಓದಿ ಮುಗಿಸಿದ ಕೂಡಲೇ ಕೇಳಿದ: “ಓಕೆ ಅದ ಏನ್ರೀ? ಕರೆಕ್ಷನ್ ಇದ್ರ ಹೇಳ್ರಿ, ರಾತ್ರೀಗಿ ಮಾಡಿ ಕಳಸ್ತೀನಿ.”

ನಾನು ಅವನಿಗೆ ಇನ್ನೊಂದು ಚಾನೆಲ್ ಆಗಿದ್ದೆ.

ಬರೆದು ಬರೆದು ಸುಟ್ಟುಹೋದವನಿಗೆ ಬರೆಯಲು ಹೇಳಿದ್ದು ಕಾಲು ಉಳುಕಿದವನಿಗೆ ಓಡು ಅಂದ ಹಾಗಾಯಿತು. ಅವತ್ತೇ ಮಾತು ಬದಲಾಯಿಸಿದೆ. ಹದಿನೈದು ದಿನ ಒಂದಕ್ಷರ ಬರೆಯಬಾರದು. ಫೋನಿನಲ್ಲಿ ನೋಟ್ಸ್ ಕೂಡ ಮಾಡಬಾರದು. ದಿನಾ ಒಂದು ಗಂಟೆ ಜನ ಇರುವ ಕಡೆ ಹೋಗಿ ಕೂರಬೇಕು. ಬಸ್‌ಸ್ಟ್ಯಾಂಡ್, ಕಣ್ಣಿ ಮಾರ್ಕೆಟ್, ಗಂಜ್, ಶರಣಬಸವೇಶ್ವರರ ಗುಡಿಯ ಮುಂದಿನ ಕಟ್ಟೆ. ಕೇಳಿಸಿಕೊಳ್ಳಬೇಕು, ಅಷ್ಟೇ. ಬಂದು ನನಗೆ ನೆನಪಿದ್ದಷ್ಟು ಹೇಳಬೇಕು. ಎರಡು ತಿಂಗಳಿಂದ ಬಾಗಿಲು ಹಾಕಿಕೊಂಡು ಇದ್ದವನು. ಸಂಭಾಷಣೆ ಬರೆಯುವವನ ಬಂಡವಾಳ ಕಿವಿ. ಅದಕ್ಕೇ ಬೀಗ ಬಿದ್ದಿತ್ತು.

“ಗುರ್ತಿನೋರು ಸಿಕ್ರ?” ಅಂದ. ಸಿಕ್ಕರೆ ಏನು ಹೇಳೋದು ಅಂತ ಇಬ್ಬರೂ ಕೂತು ಒಂದು ಉತ್ತರ ತಯಾರಿಸಿದೆವು. “ಒಂದು ಮುಗೀತು, ಇನ್ನೊಂದು ಶುರು ಆಗ್ಬೇಕು.” ಸುಳ್ಳಲ್ಲ. ಉದ್ದವೂ ಇಲ್ಲ. ಕೇಳಿದವರಿಗೆ ಮುಂದಿನ ಪ್ರಶ್ನೆಗೆ ದಾರಿಯೂ ಇಲ್ಲ.

ಮೊದಲ ವಾರ ಏನೂ ತರಲಿಲ್ಲ. ‘ಎಲ್ಲಾರೂ ಮೊಬೈಲ್ ನೋಡ್ತಾರ್ರೀ’ ಅಂದ. ಎರಡನೇ ವಾರ ಬಾಗಿಲಲ್ಲೇ ಶುರು ಮಾಡಿದ. ಆಳಂದ ಬಸ್ಸು, ನಿಲ್ಲಲೂ ಜಾಗ ಇಲ್ಲ. ಶಕ್ತಿ ಯೋಜನೆಯ ಝೀರೋ ಟಿಕೆಟ್ ಹರಿದು ಕೊಟ್ಟ ಕಂಡಕ್ಟರನಿಗೆ ಒಬ್ಬಳು ಮುದುಕಿ ಕೇಳಿದಳಂತೆ: “ಟಿಕೆಟ್ ಝೀರೋ ಕೊಟ್ಟಿ, ಖರೆ. ಸೀಟೂ ಝೀರೋನೇ ಏನಪಾ?” ಅದನ್ನು ಹೇಳುವಾಗ ಅವನ ಕತ್ತು, ಕೈ ಎಲ್ಲ ಆ ಮುದುಕಿಯದ್ದಾಗಿತ್ತು.

ಪ್ರೇರಣೆ ಬಗ್ಗೆ ಅವನಿಗೆ ಒಂದು ಪ್ರಯೋಗದ ಕಥೆ ಹೇಳಿದ್ದೆ. 1971ರಲ್ಲಿ ಎಡ್ವರ್ಡ್ ಡೆಸಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಪ್ರಕಟಿಸಿದ್ದು. ಕಾಲೇಜು ಹುಡುಗರಿಗೆ ತುಂಡು ಜೋಡಿಸುವ ಒಂದು ಆಟ ಕೊಟ್ಟ. ಕೆಲವರಿಗೆ ಒಂದೊಂದು ಜೋಡಣೆಗೂ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದ. ದುಡ್ಡು ಕಂಡವರು ಬಿಡುವಿನಲ್ಲಿ ಆ ಆಟ ಮುಟ್ಟುವುದೇ ಕಡಿಮೆ ಆಯಿತು. ಖುಷಿಗೆ ಆಡುತ್ತಿದ್ದದ್ದು ಕೂಲಿ ಆಗಿಬಿಟ್ಟಿತ್ತು. ಹುಡುಗ ಪೂರ್ತಿ ಕೇಳಿ, “ಹಂಗಾದ್ರ ಮೂರು ತಿಂಗಳು ರೊಕ್ಕ ಕೊಡದೇ ಇದ್ದಿದ್ದಕ್ಕ ನನಗ ಮೋಟಿವೇಷನ್ ಜಾಸ್ತಿ ಆಗ್ಬೇಕಿತ್ತಲ್ರೀ?” ಅಂದ. ನನ್ನ ಬಳಿ ಉತ್ತರ ಇರಲಿಲ್ಲ. ಬಾಡಿಗೆ ಕಟ್ಟಲಾಗದವನಿಗೆ ಆ ಕಥೆ ಹೇಳಬಾರದಿತ್ತು.

ಆರನೇ ವಾರ ಅಪ್ಪ ಅವ್ವ ಇಬ್ಬರನ್ನೂ ಕರೆಸಿದೆ. ಅಪ್ಪ ನಿವೃತ್ತ ಹೈಸ್ಕೂಲ್ ಮಾಸ್ತರ್. ಕೂತ ಕೂಡಲೇ ಮಗನ ಕಡೆ ಕೈ ಮಾಡಿ ಶುರು ಮಾಡಿದರು. “ಮೇಡಂ, ಹೋರಾಟ ಮಾಡಿ ಸಂವಿಧಾನದಾಗ 371 ಜೆ ತಂದಾರ. ನಮ್ಮ ಭಾಗದ ಹುಡುಗ್ರಿಗಿ ಸರ್ಕಾರಿ ನೌಕರ್ಯಾಗ ಮೀಸಲಾತಿ ಅದ. ಇವ ಒಂದು ಅರ್ಜಿನೂ ಹಾಕಂಗಿಲ್ಲ. ಇವನ ಹೆಸರು ಟಿವ್ಯಾಗ ಬರ್ತದಂತ. ಓದೋದ್ರೊಳಗ ಹೋಗಿರ್ತದ. ಕನ್ನಡಕ ಹಾಕ್ಕೊಳ್ಳೋಷ್ಟರಾಗ ಜಾಹೀರಾತು.” ಮಗ, “ನಿನಗ ನಾನು ಬರ್ದಿದ್ದು ಒಂದ ದಿನನಾದ್ರೂ ಕೇಳ್ಬೇಕು ಅನಸ್ಯಾದೇನು?” ಅಂದ. ಮಾತಿಗೆ ಮಾತು ಬೆಳೆಯಿತು. ಅಪ್ಪ ಎದ್ದು ನಿಂತರು. ಅಷ್ಟರಲ್ಲಿ ಹೊರಗಿನ ಹುಡುಗಿ ಚಹಾ ತಂದಿಟ್ಟಳು.

ಅಲ್ಲಿಯವರೆಗೆ ಸೆರಗು ತಿರುವುತ್ತಾ ಕೂತಿದ್ದ ಅವ್ವ ಮೊದಲ ಸಲ ಬಾಯಿ ಬಿಟ್ಟರು. “ಕುಂದರ್ರಿ. ಚಾ ಕುಡದು ಜಗಳ ಮಾಡ್ರಿ. ಜಗಳೇನ್ ಆರಿ ಹೋಗಂಗಿಲ್ಲ.”

ನಾನು ಹುಡುಗನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಆರು ವಾರದಲ್ಲಿ ಮೊದಲ ಸಲ ಅವನು ನಕ್ಕಿದ್ದು ಅವತ್ತು. ಅಪ್ಪನಿಗೆ ಏನಾಯಿತು ಅಂತ ಗೊತ್ತಾಗಲಿಲ್ಲ. ಆದರೂ ಕೂತರು.

ಮಾತು ಬೇರೆ ಕಡೆ ತಿರುಗಿಸೋಣ ಅಂತ ಅಪ್ಪನಿಗೆ ಕೇಳಿದೆ, ನೀವು ಮೊದಲು ಟಿವಿ ನೋಡಿದ್ದು ಯಾವಾಗ ಅಂತ. ಆ ಮನುಷ್ಯ ಬೇರೆಯೇ ಆದರು. 1975. ಅವರಿಗೆ ಹತ್ತು ವರ್ಷ. ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ಒಂದು ವರ್ಷ ನಡೆದಿತ್ತು. ಆರು ರಾಜ್ಯಗಳ ಹಳ್ಳಿಗಳು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. “ಕೋಳಿ ಬಲೆಯಂಥ ತಂತಿ ಬಲೆ ಹಾಕಿದ ದೊಡ್ಡ ಛತ್ರಿ ರೀ. ಸಂಜೀಕ ಊರೆಲ್ಲ ನೆಲದ ಮ್ಯಾಲ ಕುಂದರ್ತಿತ್ತು. ಒಕ್ಕಲುತನದ ಮಾತು, ಕೂಸಿನ ಆರೋಗ್ಯದ ಮಾತು. ಬೆಂಗಳೂರಿಗಿ ಟಿವಿ ಬಂದಿದ್ದು 81ರಾಗ. ನಮ್ಮ ಗುಲ್ಬರ್ಗಕ್ಕ 77ರಾಗೇ ಟಿವಿ ಕೇಂದ್ರ ಆಗ್ಯಾದ.” ಹೇಳುತ್ತಾ ಹೇಳುತ್ತಾ ಮಗನ ಕಡೆ ತಿರುಗಿದ್ದರು. ಮಗ ಬಾಯಿ ತೆರೆದು ಕೇಳುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಕಥೆ ಅವನಿಗೆ ಯಾರೂ ಹೇಳಿರಲಿಲ್ಲ.

ರಾಜಿ ಆಯಿತು ಅಂತ ತಿಳಿಯಬೇಡಿ. ಒಂದು ಗಡುವಾಯಿತು. ಮುಂದಿನ ಮಾರ್ಚ್‌ನ ಶರಣಬಸವೇಶ್ವರರ ಜಾತ್ರೆ ತನಕ ಮನೆಯಲ್ಲಿ ಸರ್ಕಾರಿ ನೌಕರಿ ಪರೀಕ್ಷೆಯ ಮಾತು ಎತ್ತಬಾರದು. ಆಮೇಲೆ ಕೂತು ಮಾತಾಡಬೇಕು. ಅಷ್ಟರೊಳಗೆ ಹುಡುಗ ತನ್ನ ಖರ್ಚು ತಾನು ನೋಡಿಕೊಳ್ಳಬೇಕು. ಅಪ್ಪ ಅದನ್ನು ಡೈರಿಯಲ್ಲಿ ಬರೆದುಕೊಂಡರು, ತಾರೀಖು ಹಾಕಿ.

ಇನ್ನು ಕೆಲಸದ ಮಾತು. ಮನಸ್ಸು ಸರಿಹೋದರೆ ಕೆಲಸ ತಾನಾಗಿ ಸರಿಹೋಗುತ್ತೆ ಅಂತ ಸುಮ್ನೆ ಕೂರುವುದು ನನ್ನ ರೀತಿ ಅಲ್ಲ. ದುಡ್ಡಿನ ಚಿಂತೆಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಏನು ಬಂತು?

ಅವನ ಬ್ಯಾಗಿನಲ್ಲಿ ಒಪ್ಪಂದದ ಕಾಗದವೇ ಇರಲಿಲ್ಲ. ಇದ್ದದ್ದು ವಾಟ್ಸಾಪ್ ಮೆಸೇಜು. ಎಪಿಸೋಡಿಗೆ ಇಷ್ಟು ಅಂತ ಒಂದು ಸಾಲು. ಅದನ್ನೇ ಇಟ್ಟುಕೊಂಡು ಯಾವ ತಿಂಗಳು ಎಷ್ಟು ಕಂತು, ಎಷ್ಟು ಬಂತು, ಎಷ್ಟು ಬಾಕಿ ಅಂತ ಪಟ್ಟಿ ಮಾಡಿಸಿದೆ. ಬೈಗುಳ ಇಲ್ಲದ, ಅಳು ಇಲ್ಲದ ಒಂದು ಇಮೇಲ್ ಹೋಯಿತು. ಪಟ್ಟಿ ಮಾಡುವಾಗ ಇನ್ನೊಂದು ಹೊರಬಿತ್ತು. ಬಂದ ದುಡ್ಡಿನಲ್ಲೆಲ್ಲ ತೆರಿಗೆ ಅಂತ ಶೇಕಡಾ 10 ಟಿಡಿಎಸ್ ಮೊದಲೇ ಹಿಡಿದಿದ್ದರು. ಇವನು ತೆರಿಗೆ ರಿಟರ್ನ್ ಹಾಕಿಯೇ ಇಲ್ಲ. ಅವನ ಆದಾಯಕ್ಕೆ ತೆರಿಗೆಯೇ ಬರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ರಿಟರ್ನ್ ಹಾಕಿದರೆ ಹಿಡಿದದ್ದು ವಾಪಸ್ ಬರುತ್ತೆ. ಆಡಿಟರ್ ಹತ್ತಿರ ಕಳಿಸಿದೆ. ಈ ಕಡೆಯಿಂದ ಹೋದ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಲ್ಲ, ಅಲ್ವಾ?

ಮುಂದಿನ ಕೆಲಸಕ್ಕೆ ಮೊದಲು ಕಾಗದದ ಮೇಲೆ ಇರಬೇಕಾದ್ದು: ಕಂತಿಗೆ ಎಷ್ಟು, ಯಾವ ತಾರೀಖಿಗೆ, ಹೆಸರು ಎಲ್ಲಿ ಬರುತ್ತೆ, ಎಷ್ಟು ಸಲದ ಕರೆಕ್ಷನ್ ಆ ದುಡ್ಡಿನಲ್ಲೇ, ತೆಗೆದುಹಾಕಿದರೆ ಎಷ್ಟು ದಿನದ ನೋಟಿಸು. “ಇಷ್ಟೆಲ್ಲ ಕೇಳಿದ್ರ ಕೆಲಸನೇ ಕೊಡಂಗಿಲ್ರೀ,” ಅಂದ. ಅದೂ ನಿಜವೇ. ಹಾಗಾದರೆ ಎರಡೇ ಕೇಳು ಅಂದೆ, ದುಡ್ಡಿನ ತಾರೀಖು ಮತ್ತು ಕರೆಕ್ಷನ್ ಎರಡು ಸಲ. ನಾನು ನಿರ್ಮಾಪಕಿ, ಅವನು ಅವನೇ ಅಂತ ಆಡಿ ನೋಡಿದೆವು. ಎರಡು ನಿಮಿಷಕ್ಕೆ ನಿಲ್ಲಿಸಿದ. “ಮೇಡಂ, ನಿರ್ಮಾಪಕರು ಇಷ್ಟು ಸಭ್ಯ ಇರಂಗಿಲ್ರೀ,” ಅಂತ ನನ್ನ ಮಾತುಗಳನ್ನು ಅವನೇ ಹೇಳಿಕೊಟ್ಟ. ನಾಲ್ಕನೇ ಸಲಕ್ಕೆ ‘ತಾರೀಖು ಹೇಳಿದ್ರ ನನಗ ಪ್ಲಾನ್ ಮಾಡ್ಲಕ್ಕ ಅನುಕೂಲ ಆಗ್ತದ ಸರ್’ ಅನ್ನೋ ಸಾಲು ಗಂಟಲಿನಲ್ಲಿ ಸಿಕ್ಕಿಕೊಳ್ಳದೆ ಬಂತು.

ಕತ್ತರಿಸಿದ ಸಾಲುಗಳಿಗೆ ಒಂದು ನೋಟ್‌ಬುಕ್ ಇಡಿಸಿದೆ. ಚಾನೆಲ್‌ಗೆ ಬೇಡವಾದದ್ದು ಕಸ ಅಲ್ಲ, ಉಳಿಕೆ. ರೊಟ್ಟಿಯ ಸಾಲು ಮೊದಲನೇ ಪುಟದಲ್ಲಿದೆ.

ಸಂಭಾಷಣೆಕಾರ ಸರಪಳಿಯ ಕೊನೆಯ ಕೊಂಡಿ. ಏನಾಗಬೇಕು ಅನ್ನೋದು ಅವನ ಕೈಗೆ ಬರುವ ಮೊದಲೇ ತೀರ್ಮಾನ ಆಗಿರುತ್ತೆ. ಹೇಗೆ ಹೇಳಬೇಕು ಅನ್ನೋದಷ್ಟೇ ಅವನದ್ದು. ಅದನ್ನೂ ತಿದ್ದಿದರೆ ಕೈ ಖಾಲಿ ಅನ್ನಿಸುತ್ತೆ. ಹಿಡಿತ ಬೇಕಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬೇಕು, ಚಿತ್ರಕಥೆಗೆ. ಇದು ನನ್ನ ಬುದ್ಧಿ ಅಲ್ಲ, ಅವನ ಬಾಯಿಂದಲೇ ಬಂದದ್ದು. ನಾನು ದಿನ ಹಾಕಿಕೊಟ್ಟೆ. ಓಡುತ್ತಿರುವ ಒಂದು ಧಾರಾವಾಹಿಯ ಐದು ಕಂತು ತೆಗೆದುಕೊಂಡು, ಯಾವ ಸೀನ್ ಆದ ಮೇಲೆ ಯಾವುದು, ಬ್ರೇಕ್ ಎಲ್ಲಿ, ಮುಂದಿನ ಕಂತಿಗೆ ಎಳೆಯುವ ಕೊನೆಯ ಹುಕ್ ಏನು ಅಂತ ಬಿಡಿಸಿ ಬರೆಯೋದು. ಆಮೇಲೆ ತನ್ನದೇ ಒಂದು ಕಥೆ: ಒಂದು ಪುಟದ ಸಾರ, ಪಾತ್ರಗಳು, ಮೊದಲ ಹತ್ತು ಕಂತಿನ ಒನ್‌ಲೈನ್, ಒಂದು ಪೂರ್ತಿ ಕಂತು. ಯಾರಿಗಾದರೂ ಬಾಯಿಮಾತಿನಲ್ಲಿ ಹೇಳುವ ಮೊದಲು ಬರೆದಿಡಬೇಕು. ಕಾಪಿರೈಟ್ ಸಿಗೋದು ಬರೆದದ್ದಕ್ಕೆ, ತಲೆಯಲ್ಲಿರುವ ಐಡಿಯಾಕ್ಕಲ್ಲ.

ಗುರುವಾರದ ಮಾತು ಬಿಟ್ಟರೆ ಪ್ರಕರಣ ಅರ್ಧ. ಟಿಆರ್‌ಪಿ ಅಂಕಿ ಗುರುವಾರ ಬರುತ್ತೆ. ಬುಧವಾರ ರಾತ್ರಿಯಿಂದಲೇ ಇವನಿಗೆ ಹೊಟ್ಟೆ ಕೆಡುತ್ತಿತ್ತು. ಕೆಲಸ ಬಿಟ್ಟು ಎರಡು ತಿಂಗಳಾದರೂ ಗುರುವಾರ ಬೆಳಿಗ್ಗೆ ಬೇರೆಯವರ ಸೀರಿಯಲ್‌ಗಳ ಅಂಕಿ ಹುಡುಕುತ್ತಿದ್ದ. ಈ ಅಂಕಿ ಅಳೆಯುವ ಬಾರ್ಕ್ ಸಂಸ್ಥೆ 2025ರ ಹೊತ್ತಿಗೆ ಮೀಟರ್ ಇಟ್ಟಿದ್ದದ್ದು ದೇಶದಲ್ಲಿ ಸುಮಾರು 58,000 ಮನೆಗಳಲ್ಲಿ. ಅಂಕಿಯ ಮೇಲೆ ಐಪಿಎಲ್ ಪ್ರಭಾವ ಇದೆ, ಹಬ್ಬದ್ದಿದೆ, ಅದಕ್ಕೆ ಮುಂಚಿನ ಹೊತ್ತಿನಲ್ಲಿ ಬರುವ ಸೀರಿಯಲ್‌ದೂ ಇದೆ. ಇವೆಲ್ಲ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಹೊಟ್ಟೆ ಕೇಳಲ್ಲ. ಹಾಗಾಗಿ ವಾದ ಬಿಟ್ಟು ಗುರುವಾರ ಬೆಳಿಗ್ಗೆಗೆ ಒಂದು ಕೆಲಸ ಹಚ್ಚಿದೆ. ಅವ್ವನ ಜೊತೆ ಮಾರ್ಕೆಟ್ಟಿಗೆ ಹೋಗಿ ಬರೋದು, ಫೋನ್ ಮನೆಯಲ್ಲಿಟ್ಟು. ಅವ್ವ ಚೌಕಾಸಿ ಮಾಡುವಾಗ ಕಿವಿ ಕೊಡುತ್ತಿದ್ದ ಅಂತ ಬೇರೆ ಹೇಳಬೇಕಿಲ್ಲ.

ಅವನಿಗೆ ಒಂದು ಕಹಿ ಮಾತನ್ನೂ ಹೇಳಿದ್ದೇನೆ. ಹದಿನೈದು ದಿನದ ಮಾತಿಗೆ ನಿಲ್ಲುವ ಕೆಲಸ ಇದು. ಇದೊಂದನ್ನೇ ನಂಬಿ ಬಾಡಿಗೆ, ಮದುವೆ, ಸಾಲ ಅಂತ ಲೆಕ್ಕ ಹಾಕಬೇಡ. ಡಬ್ಬಿಂಗ್‌ಗೆ ಮಾತು ಬರೆಯುವ ಕೆಲಸ ಇದೆ, ಇಲ್ಲಿನ ಆಕಾಶವಾಣಿ ಇದೆ, ಯೂಟ್ಯೂಬಿನಲ್ಲಿ ನಮ್ಮ ಕಡೆ ಮಾತಿಗೆ ಕಾಯುವ ಮಂದಿ ಇದ್ದಾರೆ, ಜಾತ್ರೆಗೆ ನಾಟಕ ಬೇಕು ಅನ್ನೋ ಹಳ್ಳಿಗಳಿವೆ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಬೆಂಗಳೂರಿನ ರೂಮಿಗೆ ಮತ್ತೆ ಅಡ್ವಾನ್ಸ್ ಕೊಡಬೇಡ. ಅವನಿಗೆ ಇಷ್ಟ ಆಗಲಿಲ್ಲ. ಎರಡು ವಾರ ಬರಲೇ ಇಲ್ಲ. ಆಮೇಲೆ ಬಂದ.

ಈಗ ಒಂದು ಹೊಸ ಧಾರಾವಾಹಿಗೆ ಮನೆಯಿಂದಲೇ ಬರೆಯುತ್ತಿದ್ದಾನೆ. ವಾರಕ್ಕೆ ಮೂರು ಕಂತು, ಉಳಿದ ಮೂರು ಇನ್ನೊಬ್ಬರದ್ದು. ತಿಂಗಳಿಗೊಮ್ಮೆ ಕಥೆಯ ಚರ್ಚೆಗೆ ರಾತ್ರಿ ರೈಲು. ಹಳೆಯ ಬಾಕಿಯಲ್ಲಿ ಎರಡು ತಿಂಗಳದ್ದು ಬಂತು, ಒಂದು ತಿಂಗಳದ್ದು ಬರಲಿಲ್ಲ. ಬರುವ ಹಾಗೂ ಕಾಣಲ್ಲ. ಚಿತ್ತಾಪುರ ಕಡೆಯ ಒಂದು ಹಳ್ಳಿಗೆ ಜಾತ್ರೆಯ ನಾಟಕ ಬರೆದುಕೊಟ್ಟ. ಅದರಲ್ಲಿ ರೊಟ್ಟಿಯ ಸಾಲು ಇತ್ತು. ಜನ ನಕ್ಕರಂತೆ, ಆಮೇಲೆ ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೆ ಹಚ್ಚಿಕೊಂಡರಂತೆ. ಅಪ್ಪ ನಾಟಕ ನೋಡಲು ಹೋಗಿದ್ದರು. ಏನೂ ಹೇಳಲಿಲ್ಲ. ಗಡುವು ಮುಗಿದ ಮಾರನೇ ದಿನವೇ ಪಿಡಿಒ ನೇಮಕಾತಿಯ ಸುದ್ದಿ ಮಗನಿಗೆ ಫಾರ್ವರ್ಡ್ ಮಾಡಿದರು.

ಈ ಬರಹದ ಕರಡನ್ನು ಅವನಿಗೆ ಕಳಿಸಿದ್ದೆ, ಗುರುತು ಬಿಟ್ಟುಕೊಡುವಂಥದ್ದು ಏನಾದರೂ ಇದೆಯಾ ನೋಡು ಅಂತ. ಮರುದಿನವೇ ವಾಪಸ್ ಬಂತು. ಗುರುತಿನ ಬಗ್ಗೆ ಒಂದು ಮಾತಿಲ್ಲ. ಅವನ ಮಾತು ಬಂದ ಕಡೆಯೆಲ್ಲ ಕೆಂಪು. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಇಲ್ಲಿಗೆ ಬಂದು 24 ವರ್ಷವಾದರೂ ‘ಬರಿಯಾಕತ್ತೀನಿ’ ಅಂತಲೇ ಕೈ ಓಡುತ್ತೆ. ಅದನ್ನು ಹೊಡೆದು ‘ಬರೀಲಕತ್ತೀನಿ’ ಮಾಡಿದ್ದ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: “ಇದು ನಿಮ್ಮ ಕಡೀದ್ರೀ ಮೇಡಂ. ನಾವು ಹಿಂಗ ಮಾತಾಡಂಗಿಲ್ಲ.”

ಕೆಳಗೆ ಇನ್ನೊಂದು ಸಾಲಿತ್ತು. “ಇದು ಒಂದನೇ ಕರೆಕ್ಷನ್. ಎರಡರ ಮ್ಯಾಲ ಹೋದ್ರ ರೊಕ್ಕ ಆಗ್ತದ.”